ಚಿಕ್ಕ ಕೋಣೆಗೆ ಯಾವ ಎವಿ ರಿಸೀವರ್? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋಮ್ ಥಿಯೇಟರ್ ಕುರಿತು ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ರಿಸೀವರ್ (ಟಿವಿ, ಪ್ಲೇಯರುಗಳ ಧ್ವನಿ ಪಡೆದು ಸ್ಪೀಕರುಗಳನ್ನು ನುಡಿಸುವ ಯಂತ್ರ) ಬಗ್ಗೆಯೇ ಇವೆ. ಎಲ್ಲರ ಕೋಣೆಯೂ ಚಿಕ್ಕದು, ಎಲ್ಲರಿಗೂ ವಾಟ್‌ನದೇ ಚಿಂತೆ. ಚಿಕ್ಕ ಕೋಣೆಯಲ್ಲಿ ವಾಟ್ ಕೊನೆಗೆ ನೋಡಬೇಕಾದ ಸಂಗತಿ. ಇಡುವ ಜಾಗದ ಆಳ, ಗಾಳಿಯಾಟ, ಎಚ್‌ಡಿಎಂಐ ಸಂಪರ್ಕ, ಸ್ಪೀಕರಿನ ಓಮ್ (ಅದು ವಿದ್ಯುತ್ತಿಗೆ ಒಡ್ಡುವ ತಡೆ) ಇವೆಲ್ಲ ಅದಕ್ಕಿಂತ ಮುಂದೆ ಬರುತ್ತವೆ.

ಪ್ರಶ್ನೆ: ನಮ್ಮದು 10 ಅಡಿ–12 ಅಡಿಯ ಕೋಣೆ, ಕೂರುವ ಜಾಗ ಟಿವಿಯಿಂದ ಎಂಟು ಅಡಿ. ಟಿವಿ ಯೂನಿಟ್‌ನ ಖಾನೆ 7 ಇಂಚು ಎತ್ತರ, 15 ಇಂಚು ಆಳ ಇದೆ. ತೆಳ್ಳಗಿನ ರಿಸೀವರ್ ಕೊಳ್ಳೋಣವೆಂದರೆ ಅಂಗಡಿಯವರು "ಅದು ಬರೀ 50 ವಾಟ್ ಸಾರ್, ಸಾಲಲ್ಲ, 135 ವಾಟಿಂದು ತಗೊಳ್ಳಿ" ಅನ್ನುತ್ತಾರೆ. ಯಾರ ಮಾತು ಕೇಳಬೇಕು?
— ವಿಜಯನಗರ, ಬೆಂಗಳೂರು

ಉತ್ತರ: ಆ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಲು ಬರುವುದಿಲ್ಲ. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿರುವ 135 ವಾಟ್‌ನಂಥ ಅಂಕಿ ಸಾಮಾನ್ಯವಾಗಿ 6 ಓಮ್ ಸ್ಪೀಕರಿಗೆ, 1 ಕಿಲೋಹರ್ಟ್ಸ್‌ನ ಒಂದೇ ಸ್ವರ ಕೊಟ್ಟು, ಒಂದೇ ಚಾನೆಲ್ ದುಡಿಸಿ, ಧ್ವನಿ ಶೇ 10ರವರೆಗೆ ಕೆಡಲು ಬಿಟ್ಟು ಅಳೆದದ್ದು. ತೆಳ್ಳಗಿನ ಮಾದರಿಯ 50 ವಾಟ್ 8 ಓಮ್‌ಗೆ, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ, ಎರಡು ಚಾನೆಲ್ ಒಟ್ಟಿಗೆ ದುಡಿಯುವಾಗ, ಶೇ 0.08 ವಿಕೃತಿಯೊಳಗೆ ಅಳೆದದ್ದು. 135 ಎಂದು ಬರೆದ ಯಂತ್ರವನ್ನೂ ಹೀಗೆಯೇ ಅಳೆದರೆ 70ರ ಆಸುಪಾಸು ಬರುತ್ತದೆ. 50ಕ್ಕೂ 70ಕ್ಕೂ ಇರುವ ವ್ಯತ್ಯಾಸ ಒಂದೂವರೆ ಡೆಸಿಬೆಲ್. ಕಿವಿಗೆ ಅದು ತಿಳಿಯುವುದೇ ಕಷ್ಟ.

ನಿಮ್ಮ ಕೋಣೆಗೇ ಲೆಕ್ಕ ಹಾಕೋಣ. ಸಾಧಾರಣ ಬುಕ್‌ಶೆಲ್ಫ್ ಸ್ಪೀಕರ್ ಒಂದು ವಾಟಿಗೆ ಒಂದು ಮೀಟರ್ ದೂರದಲ್ಲಿ 87 ಡೆಸಿಬೆಲ್ ಕೊಡುತ್ತದೆ. 50 ವಾಟ್ ಎಂದರೆ ಅದರ ಮೇಲೆ 17 ಡೆಸಿಬೆಲ್. ನೀವು ಕೂರುವ ಎರಡೂವರೆ ಮೀಟರಿಗೆ ಕಳೆಯುವುದು ಹೆಚ್ಚೆಂದರೆ 8. ಉಳಿದದ್ದು 96 ಡೆಸಿಬೆಲ್, ಅದೂ ಒಂದೇ ಸ್ಪೀಕರಿನಿಂದ. ಅಪಾರ್ಟ್‌ಮೆಂಟಿನಲ್ಲಿ ಗೋಡೆಯಾಚೆ ನೆರೆಯವರಿರುವಾಗ ಸಿನಿಮಾದ ಗುಂಡಿನ ಸದ್ದೂ 90 ದಾಟುವುದು ಅಪರೂಪ. ಆ 90ಕ್ಕೆ ಬೇಕಾದದ್ದು ಹನ್ನೆರಡು ಹದಿಮೂರು ವಾಟ್. ಜೊತೆಗೆ 80 ಹರ್ಟ್ಸ್‌ಗಿಂತ ಕೆಳಗಿನ ಭಾರವೆಲ್ಲ ತನ್ನದೇ ಆಂಪ್ಲಿಫೈಯರ್ ಇರುವ ಸಬ್‌ವೂಫರಿಗೆ (ಬೇಸ್ ಮಾತ್ರ ನುಡಿಸುವ ಸ್ಪೀಕರಿಗೆ) ಹೋಗುತ್ತದೆ. ಎಚ್ಚರ ಬೇಕಿರುವುದು ಒಂದೇ ಕಡೆ: ಸ್ಪೀಕರ್ 82–83 ಡೆಸಿಬೆಲ್‌ನದಾದರೆ ಅದೇ ಸದ್ದಿಗೆ ಮೂರು ಪಟ್ಟು ಶಕ್ತಿ ಬೇಕು, ಆಗ 50 ವಾಟ್ ಬಿಗಿಯಾಗುತ್ತದೆ. ಆದ್ದರಿಂದ ತೆಳ್ಳಗಿನ ರಿಸೀವರ್ ಕೊಳ್ಳುವವರು 86 ಡೆಸಿಬೆಲ್‌ಗೆ ಕಡಿಮೆಯಿಲ್ಲದ, 6 ಅಥವಾ 8 ಓಮ್‌ನ ಸ್ಪೀಕರ್ ಆರಿಸಿ.

ನಿಮಗೆ ನಿಜವಾದ ತೊಡಕಿರುವುದು ಖಾನೆಯಲ್ಲಿ. ತೆಳ್ಳಗಿನ ರಿಸೀವರ್ ಮರಾಂಟ್ಜ್ ಸಿನಿಮಾ 70ಎಸ್ ಸುಮಾರು 11 ಸೆಂ.ಮೀ. ಎತ್ತರ. ನಿಮ್ಮ 17.8 ಸೆಂ.ಮೀ. ಖಾನೆಯಲ್ಲಿ ಮೇಲೆ ಆರೇಳು ಸೆಂ.ಮೀ. ಗಾಳಿಗೆ ಉಳಿಯುತ್ತದೆ. ಆದರೆ ಅದರ ಆಳ ಸುಮಾರು 38 ಸೆಂ.ಮೀ., ನಿಮ್ಮ ಖಾನೆಯದೂ 38. ಹಿಂದೆ ಎಚ್‌ಡಿಎಂಐ ತಲೆ, ಅದರ ಬಾಗು, ಸ್ಪೀಕರ್ ತಂತಿ ಇವಕ್ಕೆ ಇನ್ನೂ 6 ಸೆಂ.ಮೀ. ಬೇಕು. ತೆಳ್ಳಗಿನದು ಎಂದರೆ ಎತ್ತರದಲ್ಲಿ ಮಾತ್ರ ತೆಳ್ಳಗೆ; ಅಗಲ, ಆಳ ದೊಡ್ಡ ರಿಸೀವರಿನದೇ. ಯಮಾಹಾ ಆರ್‌ಎಕ್ಸ್-ವಿ385 ಆಳದಲ್ಲಿ ಸುಮಾರು 32 ಸೆಂ.ಮೀ., ಆದರೆ ಎತ್ತರ 16. ನಿಮ್ಮ ಖಾನೆಯ ಹಲಗೆಗೆ ಹೆಚ್ಚುಕಡಿಮೆ ತಾಗುತ್ತದೆ, ಬಿಸಿಗಾಳಿ ಹೋಗಲು ದಾರಿಯೇ ಇರುವುದಿಲ್ಲ. ಇವೆರಡರ ನಡುವೆ ಸೋನಿ ಎಸ್‌ಟಿಆರ್-ಡಿಎಚ್590 ಇದೆ: ಎತ್ತರ 13.3, ಆಳ 29.7 ಸೆಂ.ಮೀ. ಅದರಲ್ಲಿ ಅಟ್ಮೋಸ್ (ತಲೆಯ ಮೇಲಿಂದಲೂ ಸದ್ದು ಬರಿಸುವ ಡಾಲ್ಬಿ ಧ್ವನಿ) ಇಲ್ಲ. ವೈಫೈ ಇರುವ ಮಾದರಿಗಳಲ್ಲಿ ಹಿಂದಿನ ಆಂಟೆನಾಗಳು ಮೇಲಕ್ಕೆ ನಿಲ್ಲುತ್ತವೆ ಎಂಬುದನ್ನೂ ಅಳತೆಗೆ ಸೇರಿಸಿ.

ನಮ್ಮ ಸಲಹೆ: ಬಡಗಿಯನ್ನು ಕರೆಸಿ ಖಾನೆಯ ಹಿಂಬದಿಯ ಪ್ಲೈವುಡ್ ಪೂರ್ತಿ ಕತ್ತರಿಸಿ ತೆಗೆಸಿ, ಯೂನಿಟ್ಟನ್ನು ಗೋಡೆಯಿಂದ ಮೂರು ಇಂಚು ಮುಂದಕ್ಕೆ ಎಳೆಯಿರಿ. ಆಗ ತೆಳ್ಳಗಿನದು ಕೂರುತ್ತದೆ. ಖಾನೆಗೆ ಗಾಜಿನ ಬಾಗಿಲಿದ್ದರೆ ಸಿನಿಮಾ ನೋಡುವಾಗ ತೆರೆದಿಡಿ. ರಿಸೀವರ್ ಸುಮ್ಮನೆ ಆನ್ ಆಗಿದ್ದರೂ ಹತ್ತಾರು ವಾಟ್ ಶಾಖವಾಗಿ ಹೋಗುತ್ತಿರುತ್ತದೆ. ಮೇಲ್ಮುಖದ ಜಾಲರಿಯ ಮೇಲೆ ಸೆಟ್‌ಟಾಪ್ ಬಾಕ್ಸ್ ಇಟ್ಟು ಗಾಳಿ ಕಟ್ಟಿದರೆ ಒಂದು ಗಂಟೆಯ ನಂತರ ಯಂತ್ರ ತಾನಾಗಿ ಆಫ್ ಆಗಿ ಕೆಂಪು ದೀಪ ಮಿನುಗಿಸುತ್ತದೆ. ಕೆಟ್ಟಿತು ಎಂದು ಸರ್ವಿಸ್‌ಗೆ ಹೊತ್ತೊಯ್ಯುವ ರಿಸೀವರುಗಳಲ್ಲಿ ಎಷ್ಟೋ ಹೀಗೆ ಬಿಸಿಯಾಗಿ ನಿಂತವೇ. ಜಾಗ ತೀರಾ ಇಕ್ಕಟ್ಟಾದರೆ 12 ವೋಲ್ಟ್‌ನ, 120 ಮಿ.ಮೀ. ಕಂಪ್ಯೂಟರ್ ಫ್ಯಾನೊಂದನ್ನು ಖಾನೆಯ ಹಿಂದೆ ಮೇಲ್ಭಾಗದಲ್ಲಿ, ಗಾಳಿ ಹೊರಕ್ಕೆ ಎಳೆಯುವಂತೆ ಕೂರಿಸಿ. 7 ವೋಲ್ಟ್ ಕೊಟ್ಟು ನಿಧಾನ ತಿರುಗಿಸಿದರೆ ಸದ್ದೂ ಇರದು.

ಪ್ರಶ್ನೆ: ಹತ್ತು ವರ್ಷದ ಹಿಂದಿನ ಡಿವಿಡಿ ಹೋಮ್ ಥಿಯೇಟರ್ ಸೆಟ್ ಇದೆ. ಡಿವಿಡಿ ಯಂತ್ರ ಸತ್ತಿದೆ, ಸ್ಪೀಕರುಗಳು ಚೆನ್ನಾಗಿವೆ. ಅವನ್ನೇ ಹೊಸ ರಿಸೀವರಿಗೆ ಹಾಕಬಹುದೇ?
— ಹುಬ್ಬಳ್ಳಿ

ಉತ್ತರ: ಪ್ರತಿ ಸ್ಪೀಕರಿನ ಹಿಂದಿನ ಚೀಟಿ ಓದಿ. ಇಂಥ ಸೆಟ್‌ಗಳಲ್ಲಿ 3 ಓಮ್ ಅಥವಾ 4 ಓಮ್ ಎಂದಿರುವುದು ಸಾಮಾನ್ಯ. ಚಿಕ್ಕ ರಿಸೀವರುಗಳು 6 ಓಮ್ ಮೇಲ್ಪಟ್ಟವಕ್ಕೆ ಮಾಡಿದವು. ಕೆಲವು 4 ಓಮ್ ತಡೆಯುತ್ತವೆ. 3 ಓಮ್ ಹಾಕಿದರೆ ಕರೆಂಟ್ ಹೆಚ್ಚು ಎಳೆದು, ಸದ್ದು ಏರಿಸಿದಾಗ ರಿಸೀವರ್ ಪ್ರೊಟೆಕ್ಷನ್‌ಗೆ ಹೋಗುತ್ತದೆ, ಅಂದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ಆಫ್ ಆಗುತ್ತದೆ. ಪದೇ ಪದೇ ಹಾಗಾದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಡುತ್ತದೆ. 3 ಓಮ್ ಆಗಿದ್ದರೆ ಆಸೆ ಬಿಡಿ.

6 ಓಮ್ ಇದ್ದರೆ ಆಗಬಹುದು. ಆ ಕಂಪನಿಯದೇ ಪ್ಲಗ್ ಕತ್ತರಿಸಿ, ತಂತಿಯ ತುದಿ 1 ಸೆಂ.ಮೀ. ಸುಲಿದು ರಿಸೀವರಿಗೆ ಹಾಕಿ. ಗೆರೆಯಿರುವ ಎಳೆ ಯಾವುದಕ್ಕೆ ಹೋಗುತ್ತಿತ್ತೆಂದು ಕತ್ತರಿಸುವ ಮೊದಲೇ ಗುರುತು ಮಾಡಿಕೊಳ್ಳಿ. ಎಡಬಲದ ಒಂದರಲ್ಲಿ ಪ್ಲಸ್ ಮೈನಸ್ ಅದಲು ಬದಲಾದರೆ ಬೇಸ್ ಸೊರಗಿ, ಸದ್ದು ಎಲ್ಲಿಂದ ಬರುತ್ತಿದೆ ಎಂದೇ ತಿಳಿಯದಂತಾಗುತ್ತದೆ. ಅಂಗೈಯಗಲದ ಸ್ಪೀಕರುಗಳಿಗೆ 80 ಹರ್ಟ್ಸ್ ಕ್ರಾಸ್‌ಓವರ್ (ಯಾವ ಸ್ವರದ ಕೆಳಗಿನದು ಸಬ್‌ವೂಫರಿಗೆ ಹೋಗಬೇಕೆಂಬ ಗಡಿ) ಆಗದು, 120ರಿಂದ 150 ಇಡಿ. ಅಷ್ಟು ಮೇಲಿಟ್ಟಾಗ ಸಬ್‌ವೂಫರ್ ಎಲ್ಲಿದೆಯೆಂದು ಕಿವಿ ಹಿಡಿದುಬಿಡುತ್ತದೆ. ಅದಕ್ಕಾಗಿ ಅದನ್ನು ಟಿವಿಯ ಪಕ್ಕದಲ್ಲೇ ಇಡಬೇಕು.

ಹಳೆಯ ಸಬ್‌ವೂಫರ್ ಮಾತ್ರ ಬಹುತೇಕ ಉಪಯೋಗಕ್ಕೆ ಬಾರದು. ಅದರೊಳಗೆ ಆಂಪ್ಲಿಫೈಯರ್ ಇರುವುದಿಲ್ಲ, ಡಿವಿಡಿ ಯಂತ್ರವೇ ಅದನ್ನು ನಡೆಸುತ್ತಿತ್ತು. ರಿಸೀವರಿನ ಸಬ್‌ವೂಫರ್ ಕಿಂಡಿಯಿಂದ ಬರುವುದು ಸಂಕೇತ ಮಾತ್ರ, ಶಕ್ತಿಯಲ್ಲ. ಸ್ವಂತ ಪವರ್ ಕಾರ್ಡ್ ಇರುವ ಸಬ್‌ವೂಫರನ್ನೇ ಕೊಳ್ಳಬೇಕು. ನಿಮ್ಮ ಬಜೆಟ್‌ನಲ್ಲಿ ಮೊದಲ ಹಣ ಅದಕ್ಕೇ ತೆಗೆದಿಡಿ.

ಪ್ರಶ್ನೆ: ರಿಸೀವರಿನಲ್ಲಿ ಅಟ್ಮೋಸ್ ದೀಪ ಹತ್ತುವುದೇ ಇಲ್ಲ. ಒಟಿಟಿ ಎಲ್ಲ ಟಿವಿಯ ಆ್ಯಪ್‌ನಲ್ಲೇ ನೋಡುತ್ತೇವೆ. ಪೆನ್‌ಡ್ರೈವ್‌ನ ಕೆಲವು ಸಿನಿಮಾಗಳಲ್ಲಿ ಚಿತ್ರ ಬರುತ್ತದೆ, ಧ್ವನಿಯೇ ಇಲ್ಲ. ಟಿವಿಯಲ್ಲಿ ಬರೀ ಎಆರ್‌ಸಿ (ಟಿವಿಯ ಧ್ವನಿಯನ್ನು ಎಚ್‌ಡಿಎಂಐ ತಂತಿಯಲ್ಲೇ ರಿಸೀವರಿಗೆ ಕಳಿಸುವ ದಾರಿ) ಇದೆ, ಅದರ ಸುಧಾರಿತ ರೂಪವಾದ ಇಎಆರ್‌ಸಿ ಇಲ್ಲ. ಟಿವಿ ಬದಲಿಸಬೇಕೇ?
— ಮೈಸೂರು

ಉತ್ತರ: ಟಿವಿ ಬದಲಿಸಬೇಡಿ. ಒಟಿಟಿಯಲ್ಲಿ ಅಟ್ಮೋಸ್ ಬರುವುದು ಡಾಲ್ಬಿ ಡಿಜಿಟಲ್ ಪ್ಲಸ್ ರೂಪದಲ್ಲಿ. ಅದು ಹಗುರ, ಎಆರ್‌ಸಿಯಲ್ಲೇ ಹಾಯುತ್ತದೆ. ಇಎಆರ್‌ಸಿ ಬೇಕಾಗುವುದು ಬ್ಲೂ-ರೇ ತಟ್ಟೆಯ ಟ್ರೂಎಚ್‌ಡಿಯಂಥ ಭಾರದ ಧ್ವನಿಯನ್ನು ಟಿವಿಯ ಮೂಲಕ ತರುವಾಗ. ಪ್ಲೇಯರನ್ನು ನೇರ ರಿಸೀವರಿಗೇ ಜೋಡಿಸಿದರೆ ಆಗಲೂ ಬೇಡ.

ದೀಪ ಹತ್ತದಿರಲು ಕಾರಣ ಮೂರು ಕಡೆ ಹುಡುಕಿ. ಮೊದಲನೆಯದು ರಿಸೀವರ್: ಯಮಾಹಾ ವಿ385, ಡೆನನ್ ಎವಿಆರ್-ಎಕ್ಸ್580ಬಿಟಿಯಂಥ ಆರಂಭಿಕ ಐದು ಚಾನೆಲ್ ಮಾದರಿಗಳಲ್ಲಿ ಅಟ್ಮೋಸ್ ಡಿಕೋಡರ್ ಇಲ್ಲವೇ ಇಲ್ಲ. ಅವು ಅದೇ ಧ್ವನಿಯನ್ನು 5.1 (ಐದು ಸ್ಪೀಕರ್, ಒಂದು ಸಬ್‌ವೂಫರ್) ಆಗಿ ನುಡಿಸುತ್ತವೆ, ಕೇಳಲು ಕೊರತೆಯೇನಿಲ್ಲ. ಎರಡನೆಯದು ಟಿವಿಯ ಸೌಂಡ್ ಸೆಟ್ಟಿಂಗ್: ಡಿಜಿಟಲ್ ಔಟ್‌ಪುಟ್ 'ಪಿಸಿಎಂ' ಎಂದಿದ್ದರೆ ಎರಡೇ ಚಾನೆಲ್ ಹೊರಬರುತ್ತದೆ. ಅದನ್ನು 'ಆಟೋ' ಅಥವಾ 'ಪಾಸ್ ಥ್ರೂ' ಮಾಡಿ. ಮೂರನೆಯದು ನಿಮ್ಮ ಚಂದಾ; ನೆಟ್‌ಫ್ಲಿಕ್ಸ್‌ನಲ್ಲಿ ಅಟ್ಮೋಸ್ ಇರುವುದು ಪ್ರೀಮಿಯಂ ಪ್ಲಾನಿಗೆ ಮಾತ್ರ.

ಪೆನ್‌ಡ್ರೈವ್ ಸಿನಿಮಾ ಮೂಕವಾಗಿರುವುದು ಬಹುಶಃ ಅದರ ಧ್ವನಿ ಡಿಟಿಎಸ್ (ಡಾಲ್ಬಿಯಂಥದೇ ಇನ್ನೊಂದು ಧ್ವನಿ ರೂಪ) ಆಗಿರುವುದರಿಂದ. 2018ರಿಂದ ಈಚಿನ ಸ್ಯಾಮ್‌ಸಂಗ್ ಟಿವಿಗಳು ಡಿಟಿಎಸ್ ಬಿಟ್ಟುಬಿಟ್ಟವು. ಮೀಡಿಯಾ ಪ್ಲೇಯರ್ ಪೆಟ್ಟಿಗೆಯೊಂದನ್ನು ರಿಸೀವರಿಗೇ ಜೋಡಿಸಿ ಪೆನ್‌ಡ್ರೈವನ್ನು ಅದಕ್ಕೆ ಹಾಕಿದರೆ ತೊಂದರೆ ಮುಗಿಯಿತು. ಕೊಳ್ಳುವವರು ಇಲ್ಲಿಂದಲೇ ಒಂದು ಲೆಕ್ಕ ಕಲಿಯಬೇಕು: ಸೆಟ್‌ಟಾಪ್ ಬಾಕ್ಸ್, ಸ್ಟಿಕ್, ಗೇಮ್ ಯಂತ್ರ, ಪ್ಲೇಯರ್ ಎಲ್ಲ ಎಣಿಸಿ, ಅದಕ್ಕಿಂತ ಒಂದು ಎಚ್‌ಡಿಎಂಐ ಕಿಂಡಿ ಹೆಚ್ಚಿರುವುದನ್ನು ನೋಡಿ. ಹಾಗೆಯೇ ಹಳೇ ಸ್ಟಾಕ್ ಎಂದು ಅಗ್ಗಕ್ಕೆ ಬರುವ 2020ರ ಕೆಲವು 8ಕೆ ಮಾದರಿಗಳಲ್ಲಿ, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನಿಂದ 4ಕೆ 120 ಹರ್ಟ್ಸ್ ಚಿತ್ರ ಕೊಟ್ಟಾಗ ಪರದೆ ಕಪ್ಪಾಗುವ ದೋಷ ಎಚ್‌ಡಿಎಂಐ ಚಿಪ್‌ನಲ್ಲೇ ಇತ್ತು. ಗೇಮ್ ಆಡುವ ಮಕ್ಕಳಿರುವ ಮನೆಯವರು ತಯಾರಿಕೆಯ ವರ್ಷ ಕೇಳಿ.

ಪ್ರಶ್ನೆ: ನಮ್ಮದು ಹೆಂಚಿನ ಮನೆ. ಮುಂದಿನ ಸ್ಪೀಕರಿನ ತಲೆ ಮೇಲೆ ಇಟ್ಟು ಚಾವಣಿಗೆ ಸದ್ದು ಹಾರಿಸುವ ಅಟ್ಮೋಸ್ ಸ್ಪೀಕರ್ ಕೆಲಸ ಮಾಡುತ್ತದೆಯೇ?
— ಸಾಗರ

ಉತ್ತರ: ಮಾಡುವುದಿಲ್ಲ. ಅವಕ್ಕೆ ಬೇಕಾದದ್ದು ಸಪಾಟಾದ ಗಟ್ಟಿ ಚಾವಣಿ, ಎತ್ತರ ಎಂಟರಿಂದ ಹದಿನಾಲ್ಕು ಅಡಿಯೊಳಗೆ. ಇಳಿಜಾರು ಹೆಂಚು ಸದ್ದನ್ನು ನಿಮ್ಮತ್ತ ತಿರುಗಿಸದೆ ಎತ್ತಲೋ ಚೆದುರಿಸುತ್ತದೆ. ಅದರ ಬದಲು ಎರಡು ಚಿಕ್ಕ ಸ್ಪೀಕರುಗಳನ್ನು ಟಿವಿ ಗೋಡೆಯ ಮೇಲ್ಭಾಗದಲ್ಲಿ, ಕೂತವರ ಕಿವಿಯಿಂದ 30ರಿಂದ 45 ಡಿಗ್ರಿ ಮೇಲಕ್ಕೆ ಬರುವಂತೆ, ಮುಖ ತುಸು ಕೆಳಗೆ ಬಾಗಿಸಿ ಬಿಗಿಯಿರಿ. ರಿಸೀವರಿನಲ್ಲಿ 'ಫ್ರಂಟ್ ಹೈಟ್' ಎಂದು ಆರಿಸಿ. ನೇರ ತಲೆಯ ಮೇಲೇ ಬೇಕೆಂದರೆ ತೊಲೆಗೆ ಬೋಲ್ಟ್ ಹಾಕಿ ತೂಗುಹಾಕಿ. ಹೆಂಚು ಹೊತ್ತ ರೀಪಿಗೆ ತೂಕ ಕಟ್ಟಬೇಡಿ. 5.1.2ಕ್ಕೆ (5.1ರ ಜೊತೆ ಮೇಲಿನ ಎರಡು ಸ್ಪೀಕರ್) ಏಳು ಚಾನೆಲ್‌ನ ಆಂಪ್ ಇರುವ ರಿಸೀವರ್ ಬೇಕು ಎಂಬುದೂ ನೆನಪಿರಲಿ.

ಆದರೂ ಒಂದು ಮಾತು. ಸೋಫಾ ಹಿಂಗೋಡೆಗೆ ಅಂಟಿಕೊಂಡಿರುವ ಚಿಕ್ಕ ಕೋಣೆಯಲ್ಲಿ 7.1 ವ್ಯರ್ಥ, 5.1.2 ಪರವಾಗಿಲ್ಲ, ಒಳ್ಳೆಯ ಸೆಂಟರ್ ಸ್ಪೀಕರ್ ಇರುವ ಸರಳ 5.1 ಎಲ್ಲಕ್ಕಿಂತ ಮೇಲು. ಮಳೆಗಾಲದಲ್ಲಿ ಹೆಂಚಿನ ಮೇಲೆ ಮಳೆ ಹೊಡೆಯುವಾಗ ನಿಮಗೆ ಬೇಕಾಗುವುದು ಮಾತು ಸ್ಪಷ್ಟವಾಗಿ ಕೇಳುವುದು. ಸೆಂಟರ್ ಚಾನೆಲ್ಲನ್ನು 2–3 ಡೆಸಿಬೆಲ್ ಏರಿಸಿ.

ಪ್ರಶ್ನೆ: ಮಗ ಅಮೆರಿಕದಿಂದ ಬರುವಾಗ ರಿಸೀವರ್ ತರುತ್ತೇನೆನ್ನುತ್ತಾನೆ. ಅಲ್ಲಿ ಅಗ್ಗವಂತೆ. ತರಿಸಲೇ?
— ದಾವಣಗೆರೆ

ಉತ್ತರ: ಬೇಡ. ಅಲ್ಲಿಯ ರಿಸೀವರ್ 120 ವೋಲ್ಟ್, 60 ಹರ್ಟ್ಸ್‌ಗೆ ಮಾಡಿದ್ದು. ಮರೆತು ನಮ್ಮ 230 ವೋಲ್ಟ್ ಪ್ಲಗ್‌ಗೆ ಯಾರಾದರೂ ಸಿಕ್ಕಿಸಿದರೆ ಆ ಕ್ಷಣಕ್ಕೇ ಮುಗಿಯುತ್ತದೆ. ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಹಾಕಬಹುದು: ಹಿಂದೆ 400 ವಾಟ್ ಎಂದು ಬರೆದಿದ್ದರೆ 1000 ವಿಎ ಸಾಮರ್ಥ್ಯದ್ದು ಬೇಕು. ಅದರ ತೂಕ, ಗುಂಯ್‌ಗುಡುವಿಕೆ, ಶಾಖ ಎಲ್ಲ ನಿಮ್ಮ ಚಿಕ್ಕ ಕೋಣೆಗೇ ಸೇರುತ್ತವೆ. ಅದು ವೋಲ್ಟೇಜ್ ಇಳಿಸುತ್ತದೆಯೇ ಹೊರತು 50 ಹರ್ಟ್ಸ್ ಅನ್ನು 60 ಮಾಡುವುದಿಲ್ಲ. ರಿಸೀವರಿನೊಳಗಿನ ಟ್ರಾನ್ಸ್‌ಫಾರ್ಮರ್ ಹೆಚ್ಚು ಬಿಸಿಯಾಗುತ್ತದೆ. ವಾರಂಟಿ ಇಲ್ಲಿ ನಡೆಯದು.

ಪ್ಲಗ್‌ ಇಲ್ಲದ ಸಾದಾ ಸ್ಪೀಕರುಗಳನ್ನು ನಿಶ್ಚಿಂತೆಯಿಂದ ತರಿಸಿ, ಅವಕ್ಕೆ ವೋಲ್ಟೇಜಿನ ಹಂಗಿಲ್ಲ. ಅಡಾಪ್ಟರ್ ಮೇಲೆ 100–240 ವೋಲ್ಟ್ ಎಂದಿರುವ ಸ್ಟ್ರೀಮಿಂಗ್ ಪೆಟ್ಟಿಗೆಗಳೂ ಸರಿ. ಸಬ್‌ವೂಫರ್ ಮಾತ್ರ ರಿಸೀವರಿನಂತೆಯೇ, ಹಿಂದಿನ ಚೀಟಿ ನೋಡದೆ ತರಿಸಬೇಡಿ.

ಪ್ರಶ್ನೆ: ಮೈಕ್ ಇಟ್ಟು ಆಟೋ ಸೆಟಪ್ (ರಿಸೀವರ್ ತಾನೇ ಕೋಣೆ ಅಳೆದು ಧ್ವನಿ ಹೊಂದಿಸುವುದು) ಮಾಡಿದ ಮೇಲೆ ಧ್ವನಿ ಮೊದಲಿಗಿಂತ ಕೆಟ್ಟಿದೆ. ಬೇಸ್ ಇಲ್ಲ. ಸಬ್‌ವೂಫರ್ ಆರಡಿ ದೂರವಿದ್ದರೆ ಹನ್ನೊಂದಡಿ ಎಂದು ತೋರಿಸುತ್ತಿದೆ.
— ತುಮಕೂರು

ಉತ್ತರ: ಹನ್ನೊಂದಡಿಯನ್ನು ಮುಟ್ಟಬೇಡಿ. ಸಬ್‌ವೂಫರಿನೊಳಗಿನ ಫಿಲ್ಟರುಗಳಲ್ಲಿ ಸದ್ದು ತಡವಾಗುತ್ತದೆ. ಆ ತಡವನ್ನೇ ಯಂತ್ರ ದೂರವಾಗಿ ಲೆಕ್ಕ ಹಾಕಿದೆ, ಅದು ಸರಿಯಾಗಿದೆ.

ಬೇಸ್ ಹೋಗಿರುವುದಕ್ಕೆ ಕಾರಣ ಬಹುಶಃ ಯಂತ್ರ ಮುಂದಿನ ಸ್ಪೀಕರುಗಳನ್ನು 'ಲಾರ್ಜ್' ಎಂದು ಗುರುತಿಸಿರುವುದು. ಆಗ ಅವುಗಳ ಪಾಲಿನ ಕೆಳಸ್ವರ ಸಬ್‌ವೂಫರಿಗೆ ಹೋಗುವುದೇ ಇಲ್ಲ. ಎಲ್ಲವನ್ನೂ 'ಸ್ಮಾಲ್' ಮಾಡಿ, ಕ್ರಾಸ್‌ಓವರ್ 80 ಇಡಿ. ಸಬ್‌ವೂಫರಿನ ಹಿಂದಿನ ಲೋ-ಪಾಸ್ ತಿರುಗಣಿ ಪೂರ್ತಿ ಮೇಲಕ್ಕೆ ಅಥವಾ 'ಎಲ್‌ಎಫ್‌ಇ'ಗೆ, ವಾಲ್ಯೂಮ್ ಅರ್ಧಕ್ಕೆ ಇರಲಿ.

ಅಳತೆಯನ್ನೂ ಮತ್ತೊಮ್ಮೆ ಮಾಡಿ. ಫ್ಯಾನ್ ಆಫ್, ಫ್ರಿಜ್ ಹತ್ತಿರವಿದ್ದರೆ ಅದೂ ಆಫ್, ಅಡುಗೆಮನೆಯಲ್ಲಿ ಕುಕ್ಕರ್ ಇರಬಾರದು. ಮೈಕನ್ನು ಸೋಫಾದ ಒರಗುದಿಂಬಿನ ಮೇಲೆ ಇಡುವುದೇ ಎಲ್ಲರೂ ಮಾಡುವ ತಪ್ಪು. ದಿಂಬಿನಿಂದ ಪುಟಿದ ಸದ್ದೂ ಲೆಕ್ಕಕ್ಕೆ ಸೇರುತ್ತದೆ. ಮೊಬೈಲ್ ಟ್ರೈಪಾಡ್ ಮೇಲೆ ಕಿವಿಯ ಎತ್ತರಕ್ಕೆ, ಗೋಡೆಯಿಂದ ಒಂದೂವರೆ ಅಡಿಯಾದರೂ ದೂರ ನಿಲ್ಲಿಸಿ. ಹೆಚ್ಚು ಜಾಗಗಳಲ್ಲಿ ಅಳೆಯುವ ಮಾದರಿಯಾದರೆ ಮೊದಲ ಜಾಗ ನಡುವಿನ ಆಸನವೇ ಆಗಬೇಕು, ದೂರಗಳನ್ನು ಅದು ಅಲ್ಲಿಂದಲೇ ಲೆಕ್ಕ ಹಾಕುತ್ತದೆ. ಉಳಿದವು ಅದರ ಸುತ್ತ ಎರಡಡಿಯೊಳಗಿರಲಿ. ವಿಟ್ರಿಫೈಡ್ ಟೈಲ್ಸ್ ನೆಲ, ಬೋಳು ಗೋಡೆಯ ಕೋಣೆಯಾದರೆ ಟಿವಿಗೂ ಸೋಫಾಕ್ಕೂ ನಡುವೆ ದಪ್ಪ ಜಮಖಾನ ಹಾಸಿ, ದಪ್ಪ ಪರದೆ ಬಿಡಿ. ಯಾವ ಆಟೋ ಸೆಟಪ್ಪೂ ಇಷ್ಟು ಉಪಕಾರ ಮಾಡದು.

ಪ್ರಶ್ನೆ: ಸಬ್‌ವೂಫರ್ ಸದಾ ಗುಂಯ್‌ಗುಡುತ್ತದೆ. ಹೋದ ಮಳೆಗಾಲ ಸಿಡಿಲಿಗೆ ಪಕ್ಕದ ಮನೆಯವರ ರಿಸೀವರಿನ ಎಚ್‌ಡಿಎಂಐ ಹೋಯಿತು, ಪ್ಲಗ್ ಕಿತ್ತಿಟ್ಟಿದ್ದರೂ. ಹೇಗೆ?
— ಮಂಗಳೂರು

ಉತ್ತರ: ಎರಡಕ್ಕೂ ದಾರಿ ಒಂದೇ, ಡಿಶ್ ಅಥವಾ ಕೇಬಲ್ ಟಿವಿಯ ತಂತಿ. ಅದನ್ನು ಸೆಟ್‌ಟಾಪ್ ಬಾಕ್ಸ್‌ನಿಂದ ಬಿಚ್ಚಿ ನೋಡಿ. ಗುಂಯ್ ನಿಂತರೆ ಅದು ಅರ್ಥ್ ಲೂಪ್, ಅಂದರೆ ಯಂತ್ರಗಳು ಒಂದಕ್ಕಿಂತ ಹೆಚ್ಚು ಕಡೆ ಅರ್ಥ್ ಆಗಿ ತಂತಿಗಳಲ್ಲಿ ಕರೆಂಟ್ ಸುತ್ತುವುದು. ಟಿವಿ, ರಿಸೀವರ್, ಸಬ್‌ವೂಫರ್ ಮೂರನ್ನೂ ಒಂದೇ ಗೋಡೆ ಸಾಕೆಟ್‌ನಿಂದ ತೆಗೆದ ಮಲ್ಟಿಪ್ಲಗ್‌ಗೆ ಹಾಕಿ. ಕೇಬಲ್ ತಂತಿಗೆ ಐಸೊಲೇಟರ್ ಹಾಕಬಹುದು, ಡಿಶ್ ತಂತಿಗೆ ಬೇಡ; ಡಿಶ್‌ನ ತಲೆಗೆ ಹೋಗಬೇಕಾದ ವಿದ್ಯುತ್ತನ್ನು ಅದು ತಡೆಯುತ್ತದೆ. ಗುಂಯ್ ತಪ್ಪಿಸಲೆಂದು ಮೂರನೇ ಪಿನ್ ಮುರಿಯುವವರಿದ್ದಾರೆ, ಅದು ಜೀವಕ್ಕೆ ಅಪಾಯ.

ಸಿಡಿಲಿನ ಏರಿಕೆ ಮಹಡಿಯ ಮೇಲಿನ ಡಿಶ್ ತಂತಿಯಿಂದ ಬಾಕ್ಸ್‌ಗೆ, ಅಲ್ಲಿಂದ ಎಚ್‌ಡಿಎಂಐ ಮೂಲಕ ರಿಸೀವರಿಗೆ ಹರಿಯುತ್ತದೆ. ಗುಡುಗು ಶುರುವಾಗುವ ಮುನ್ನವೇ ಪವರ್ ಪ್ಲಗ್ ಜೊತೆಗೆ ಡಿಶ್ ತಂತಿ, ಇಂಟರ್ನೆಟ್ ತಂತಿಗಳನ್ನೂ ಕೀಳಬೇಕು.

ಪ್ರಶ್ನೆ: ಮನೆ ಕಟ್ಟಿಸುತ್ತಿದ್ದೇವೆ. ರಿಸೀವರ್ ಎರಡು ವರ್ಷದ ಮೇಲೆ. ಈಗ ಯಾವ ಪೈಪ್ ಹಾಕಿಸಬೇಕು?
— ಹಾಸನ

ಉತ್ತರ: ಪ್ಲಾಸ್ಟರಿಂಗ್‌ಗೆ ಮುನ್ನ ಕೇಳಿದ್ದು ಒಳ್ಳೆಯದಾಯಿತು. ರಿಸೀವರ್ ಇಡುವ ಜಾಗದಿಂದ ಪ್ರತಿ ಹಿಂಬದಿ ಸ್ಪೀಕರಿಗೆ ಒಂದೊಂದು 25 ಮಿ.ಮೀ. ಪಿವಿಸಿ ಪೈಪ್, ಸಬ್‌ವೂಫರ್ ಇಡಬಹುದಾದ ಎರಡು ಮೂಲೆಗಳಿಗೆ ಒಂದೊಂದು. ಟಿವಿಯ ಹಿಂದಕ್ಕೆ, ಮುಂದೆ ಪ್ರೊಜೆಕ್ಟರ್ ಆಸೆಯಿದ್ದರೆ ಚಾವಣಿಗೆ, 50 ಮಿ.ಮೀ. ಪೈಪ್; ಎಚ್‌ಡಿಎಂಐ ತಲೆ ಚಿಕ್ಕ ಪೈಪಿನ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಮೂಲೆಗಳಲ್ಲಿ ಎಲ್‌ಬೋ ಬೇಡ, ಉದ್ದನೆಯ ಬೆಂಡ್ ಹಾಕಿಸಿ. ಪ್ರತಿ ಪೈಪಿನೊಳಗೂ ನೈಲಾನ್ ದಾರ ಬಿಟ್ಟಿರಿ. ಕರೆಂಟ್ ಪೈಪಿನಿಂದ ಒಂದು ಅಡಿ ದೂರವಿರಲಿ. ಅಡ್ಡ ಹಾಯಲೇಬೇಕಾದರೆ ನೇರ ಅಡ್ಡಕ್ಕೆ ಹಾಯಲಿ.

ಸ್ಪೀಕರ್ ತಂತಿ ಹತ್ತು ಮೀಟರ್‌ವರೆಗೆ 8 ಓಮ್ ಸ್ಪೀಕರಿಗೆ ಒಂದೂವರೆ ಚದರ ಮಿ.ಮೀ., 4 ಓಮ್‌ಗೆ ಅಥವಾ ಇನ್ನೂ ಉದ್ದಕ್ಕೆ ಎರಡೂವರೆ. ತುಂಬ ಅಗ್ಗದ ಸುರುಳಿಗಳಲ್ಲಿ ತಾಮ್ರದ ಲೇಪವಿರುವ ಅಲ್ಯೂಮಿನಿಯಂ ಬರುತ್ತದೆ: ಎಳೆಯನ್ನು ಚಾಕುವಿನಿಂದ ಕೆರೆದರೆ ಬೆಳ್ಳಗೆ ಕಾಣುತ್ತದೆ, ಪದೇ ಪದೇ ಬಾಗಿಸಿದರೆ ಬೇಗ ಮುರಿಯುತ್ತದೆ. ಎಚ್‌ಡಿಎಂಐ ತಂತಿಯನ್ನು ಈಗಲೇ ಕೊಳ್ಳಬೇಡಿ, ಎರಡು ವರ್ಷದಲ್ಲಿ ಬೆಲೆಯೂ ಬಗೆಯೂ ಬದಲಾಗುತ್ತವೆ. ಪ್ರೊಜೆಕ್ಟರಿಗೆ ಹತ್ತು ಮೀಟರ್ ಬೇಕಾದರೆ ಆಪ್ಟಿಕಲ್ ಎಚ್‌ಡಿಎಂಐ ತಂತಿಯೇ ಒಳ್ಳೆಯದು. ಅದಕ್ಕೆ ದಿಕ್ಕಿದೆ: ಒಂದು ತುದಿ ರಿಸೀವರಿಗೆ, ಇನ್ನೊಂದು ಪರದೆಯ ಕಡೆಗೆ. ಪೈಪಿನೊಳಗೆ ಎಳೆಯುವ ಮುನ್ನ ನೆಲದ ಮೇಲೆ ಹಾಸಿಯೇ ಒಮ್ಮೆ ಚಿತ್ರ ಬರಿಸಿ ನೋಡಿ.